ಡೊರೊಥಿ ಬಾಯಿ ಕೆಡವಿಸಿದ ಗೋಡೆ

ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ಅಡ್ಡರಸ್ತೆಯೊಂದರ ಸಾಲುಮನೆಯಲ್ಲಿ ಡೊರೊಥಿ ಬಾಯಿ ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಮೂವತ್ತೊಂದು ಮಂದಿಗೆ ಹಾಸಿಗೆ ಹಾಸಿದ್ದಳು. ಅವರಲ್ಲಿ ಒಬ್ಬರೂ ಶಿವಮೊಗ್ಗದ ಅವಳ ತವರಿನವರಲ್ಲ. ಎಲ್ಲರೂ ಗಂಡ ಓಸ್ವಾಲ್ಡನ ಕಡೆಯವರು. ಕಡೆಯವರೆಂದರೆ ರಕ್ತಸಂಬಂಧಿಗಳೇ ಆಗಬೇಕೆಂದಿರಲಿಲ್ಲ. ಮಂಗಳೂರಿನ ಯಾವುದಾದರೊಂದು ಇಗರ್ಜಿಯ ಪಾದ್ರಿಗಳು 'ಈ ಪತ್ರವನ್ನು ತರುವವನು ಒಳ್ಳೆಯ ಮನೆತನದವನು, ಕಾಲೂರುವ ತನಕ ಆಸರೆ ಕೊಡಿ' ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಸಾಕಿತ್ತು. ಒಂದು ಕೈಯಲ್ಲಿ ಆ ಪತ್ರ, ಇನ್ನೊಂದರಲ್ಲಿ ತಾಯಿಯೋ ಅತ್ತೆಯೋ ಕಟ್ಟಿಕೊಟ್ಟ ಬಾಫತ್ ಮಸಾಲೆ ಪುಡಿಯ ಪೊಟ್ಟಣ ಹಿಡಿದು ಅವರು ಬರುತ್ತಿದ್ದರು. ಅಡುಗೆಮನೆಯ ಕಪಾಟಿನಲ್ಲಿ ಆ ಕೆಂಪು ಪುಡಿಯ ಹನ್ನೊಂದು ಡಬ್ಬಿಗಳಿದ್ದವು. ಎರಡು ಜನ್ಮಕ್ಕೆ ಸಾಲುವಷ್ಟು ಬಾಫತ್ತನ್ನು ಕೂಡಿಟ್ಟುಕೊಂಡ ಶಿವಮೊಗ್ಗದ ಹೆಣ್ಣು ಭೂಮಿಯ ಮೇಲೆ ತಾನೊಬ್ಬಳೇ ಇರಬೇಕೆಂದು ಆಕೆ ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು.

ಮೊದಲಿಗೆ ಬಂದವನು ಓಸ್ವಾಲ್ಡನ ಚಿಕ್ಕಮ್ಮನ ಮಗ, 1984ರಲ್ಲಿ. ಗಂಡಸೊಬ್ಬ ಹಾಲಿನಲ್ಲಿ ಮಲಗಿದರೆ ಹೆಂಡತಿ ಮಗುವಿಗೆ ಓಡಾಡಲು ಮುಜುಗರವಾಗುತ್ತದೆಂದು ಓಸ್ವಾಲ್ಡ್ ಹಾಲಿನ ಮೂರನೆಯ ಒಂದು ಪಾಲಿಗೆ ಇಟ್ಟಿಗೆಯ ಅಡ್ಡಗೋಡೆ ಎಬ್ಬಿಸಿ, ಬಾಗಿಲಿಟ್ಟು, ಅದನ್ನು ಕೋಣೆ ಮಾಡಿದ. ಚಿಕ್ಕಮ್ಮನ ಮಗ ಐದು ತಿಂಗಳಿದ್ದು ಹೋದ. ಕೋಣೆ ಉಳಿಯಿತು. ಕೋಣೆಯೊಂದು ಇದೆಯೆಂಬ ಸುದ್ದಿ ಸಮುದ್ರ ದಾಟಿ ಹೋಗಿ, ಬಂಟ್ವಾಳದಿಂದ ಬಾರ್ಕೂರಿನವರೆಗೆ ಹರಡಿತು.

ಓಸ್ವಾಲ್ಡ್ ಕೆಟ್ಟವನಲ್ಲ. ಹಡಗು ಸಾಗಣೆಯ ಕಚೇರಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ಆತನ ಹೃದಯ ಇಗರ್ಜಿಯ ಹೆಬ್ಬಾಗಿಲಿನಂತೆ ಸದಾ ತೆರೆದೇ ಇರುತ್ತಿತ್ತು. ವಿಮಾನ ನಿಲ್ದಾಣಕ್ಕೆ ಕಾರು ಕೊಂಡೊಯ್ದು, ಬಂದವನನ್ನು ತಬ್ಬಿ ಬರಮಾಡಿಕೊಂಡು, ದಾರಿಯುದ್ದಕ್ಕೂ ಊರಿನ ಸುದ್ದಿ ಕೇಳುತ್ತ ಮನೆಗೆ ಕರೆತರುತ್ತಿದ್ದ. ಅಲ್ಲಿಂದ ಮುಂದಿನದೆಲ್ಲ ಡೊರೊಥಿಯ ಪಾಲು. ನಾಲ್ಕೂವರೆಗೆ ಎದ್ದು ಅಡುಗೆ, ಬುತ್ತಿ. ಎಂಟಕ್ಕೆ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆಯುವ ಕೆಲಸ. ಸಂಜೆ ಮರಳಿದರೆ ಒಗೆತ, ಮತ್ತೆ ಅಡುಗೆ, ಜಪಸರ, ಪಾತ್ರೆ. ಅತಿಥಿಯಲ್ಲಿ ಕರ್ತನನ್ನು ಕಾಣಿರೆಂದು ಬೋಧಿಸುವ ನಾಲಿಗೆಗಳು ಬಹಳ. ಆ ಕರ್ತನು ಉಂಡ ತಟ್ಟೆಯನ್ನು ತೊಳೆಯುವ ಕೈ ಯಾರದೆಂದು ವಿಚಾರಿಸುವವರು ಕಡಿಮೆ.

1998 ಬಂತು. ಅಲ್ಲಿನ ನಾಣ್ಯ ರಿಂಗಿಟ್ ಬೆಲೆ ಕುಸಿದು, ಅರ್ಧ ಎದ್ದ ಕಟ್ಟಡಗಳ ಕ್ರೇನುಗಳು ಆಡದೆ ನಿಂತವು. ಹೊಸಬರು ಬರುವುದು ನಿಂತಿತು. ಆದರೆ ಎಂದೋ ಹೋಗಿ ಸ್ವಂತ ಮನೆ ಹಿಡಿದಿದ್ದ ಹಳಬರು ಕೆಲಸ ಕಳೆದುಕೊಂಡು, ಪೆಟ್ಟಿಗೆ ಹೊತ್ತು, ಅದೇ ಕೋಣೆಗೆ ಮರಳತೊಡಗಿದರು. ಫೆಬ್ರವರಿಯಲ್ಲಿ ಆಲನ್ ಬಂದ. ಕಟ್ಟಡಗಳ ಅಳತೆ ಹಾಕುವ ಕೆಲಸದಲ್ಲಿದ್ದ, ಮೂವತ್ತೆಂಟು ದಾಟಿದ, ಸಾಧು ಮನುಷ್ಯ. ಏಳು ತಿಂಗಳು ಇದ್ದ. ಆ ವರ್ಷವೇ ನಗರದಲ್ಲಿ ನೀರಿಗೂ ಪಾಳಿ ಬಂದಿತ್ತು; ನಲ್ಲಿ ಬರುವ ದಿನ ಡೊರೊಥಿ ಕ್ಲಿನಿಕ್ಕಿನಿಂದ ಓಡಿಬಂದು ಬಕೆಟ್ಟು, ಕೊಳಗ, ಸ್ನಾನದ ತೊಟ್ಟಿ ಎಲ್ಲವನ್ನೂ ತುಂಬಿಸಿಡುತ್ತಿದ್ದಳು. ಆಲನ್ ಮಾತ್ರ ದಿನಕ್ಕೆರಡು ಬಾರಿ ಮೀಯುತ್ತಿದ್ದ. ದುಃಖದಲ್ಲಿರುವವನಿಗೆ ತಣ್ಣೀರಾದರೂ ಇರಲಿ ಎಂದು ಓಸ್ವಾಲ್ಡ್ ಹೇಳಿದ. ಡೊರೊಥಿ ಹೌದೆಂದಳು. ತನ್ನ ಪಾಲಿನ ನೀರಿನಲ್ಲಿ ಒಂದು ಬಕೆಟ್ಟು ಕಡಿಮೆ ಮಾಡಿಕೊಂಡಳು.

ಸೆಪ್ಟೆಂಬರಿನಲ್ಲಿ ಆಲನ್‌ಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಕಾಲಿಗೆರಗಿ, ಅತ್ತು, ಆತ ಹೊರಟುಹೋದ. ಹಾಸಿಗೆಯ ಹೊದಿಕೆ ಬದಲಿಸಲೆಂದು ಕೋಣೆಗೆ ಹೋದ ಡೊರೊಥಿ ಮಂಚದ ತುದಿಯಲ್ಲಿ ಕುಳಿತವಳು ಏಳಲಿಲ್ಲ. ಹೊದಿಕೆ ತೊಡೆಯ ಮೇಲೇ ಇತ್ತು. ಒಂದು ಗಂಟೆ ಕಳೆಯಿತು. ಆಕೆ ಅಳುತ್ತಿರಲಿಲ್ಲ, ಪ್ರಾರ್ಥಿಸುತ್ತಲೂ ಇರಲಿಲ್ಲ. ಐವತ್ತೊಂದು ವರ್ಷದ ದೇಹ, ಮೊಣಕಾಲಿನ ಕೀಲುಗಳಿಂದ ಬೆರಳ ಗಿಣ್ಣುಗಳವರೆಗೆ, ಇನ್ನು ಸಾಕೆಂದು ಹೇಳುತ್ತಿತ್ತು. ಮೂವತ್ತೆರಡನೆಯವನಿಗೆ ಈ ಮಂಚದ ಮೇಲೆ ಹೊದಿಕೆ ಹಾಸಲು ತನ್ನಿಂದಾಗದು ಎಂಬುದು ಆಕೆಗೆ ಸ್ಪಷ್ಟವಾಯಿತು. ಒಂದೇ ಒಂದು ವರ್ಷ ಬೇಕಿತ್ತು. ಒಂದು ವರ್ಷ ತನಗೆ, ಗಂಡನಿಗೆ, ಶನಿವಾರ ಭಾನುವಾರ ಮನೆಗೆ ಬರುವ ಮಗಳಿಗೆ ಮಾತ್ರ ಬೇಯಿಸಿ, ರಾತ್ರಿ ಒಂಬತ್ತಕ್ಕೆ ಮಲಗಬೇಕು. ಅಷ್ಟೇ ಅವಳ ಆಸೆ. ಆದರೆ ಪತ್ರ ಹಿಡಿದು ಬಾಗಿಲಲ್ಲಿ ನಿಂತವನಿಗೆ ಆಗದೆಂದು ಹೇಳುವ ಬಾಯಿ ಎಲ್ಲಿಂದ ತರುವುದು?

ಆಗ ಆಕೆಯ ಕಣ್ಣು ಗೋಡೆಯ ಮೇಲೆ ಬಿತ್ತು. ಕೋಣೆಯೇ ಇಲ್ಲದಿದ್ದರೆ ಯಾರು ಕೇಳಿಯಾರು?

ಹಾಲಿಗೆ ಗಾಳಿಯಿಲ್ಲ, ಕಿಟಕಿಯೆಲ್ಲ ಆ ಕೋಣೆಯ ಪಾಲಾಗಿದೆ, ಗೋಡೆ ತೆಗೆಸಿದರೆ ಮನೆ ತಣ್ಣಗಾಗುತ್ತದೆ ಎಂದು ಆಕೆ ಗಂಡನಿಗೆ ಹೇಳಿದಳು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಆಕೆ ಕೇಳಿದ್ದು ಕಡಿಮೆ. ಓಸ್ವಾಲ್ಡ್ ಸಂತೋಷದಿಂದಲೇ ಒಪ್ಪಿದ. ಸುಳ್ಳು ಹೇಳಿದ ನಾಲಿಗೆಯಲ್ಲಿ ಎರಡು ದಿನ ಅನ್ನದ ರುಚಿ ಹತ್ತಲಿಲ್ಲ.

ಕೆಲಸಕ್ಕೆ ಬಂದವನು ಗುತ್ತಿಗೆದಾರ ರಾಮದಾಸ. ಕೊಳ್ಳೇಗಾಲದ ಕಡೆಯಿಂದ ರಬ್ಬರ್ ತೋಟಕ್ಕೆ ದುಡಿಯಲು ಬಂದವರ ಮೊಮ್ಮಗ. ಅವನ ಕನ್ನಡ ತಮಿಳಿನಲ್ಲಿ ಅದ್ದಿ ತೆಗೆದಂತಿರುತ್ತಿತ್ತು, ಮಾತಿನ ಕೊನೆಗೆ ಆ ದೇಶದವರ 'ಲಾ' ಅಂಟಿಕೊಳ್ಳುತ್ತಿತ್ತು. ದೊಡ್ಡ ಕಟ್ಟಡಗಳ ಕೆಲಸ ನಿಂತದ್ದರಿಂದ ಇಂಥ ಸಣ್ಣ ಕೆಲಸಕ್ಕೂ ತಾನೇ ಸುತ್ತಿಗೆ ಹಿಡಿದು ಬಂದಿದ್ದ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಉದ್ದಕ್ಕೂ ತಟ್ಟಿ ಕೇಳಿದ. ಏಣಿ ಹತ್ತಿ ಸೀಲಿಂಗಿನ ಹಲಗೆಯೊಂದನ್ನು ಸರಿಸಿ, ಮೇಲೆ ತೊಲೆ ಎತ್ತ ಹೋಗಿದೆಯೆಂದು ಟಾರ್ಚು ಹಿಡಿದು ನೋಡಿದ. ತೊಲೆ ಗೋಡೆಗೆ ತಾಗದೆ, ಆ ಬದಿಯ ಕಂಬದಿಂದ ಈ ಬದಿಯ ಕಂಬಕ್ಕೆ ತನ್ನಷ್ಟಕ್ಕೆ ಸಾಗಿತ್ತು.

"ನಾಲ್ಕೂವರೆ ಇಂಚಿನ ಗೋಡೆ ಅಕ್ಕಾ. ಏನೂ ಹೊತ್ತಿಲ್ಲ ಲಾ. ಮೇಲಿನ ಸಾಲಿಗೂ ಸೀಲಿಂಗಿಗೂ ನಡುವೆ ನನ್ನ ಬೆರಳು ಹೋಗುತ್ತೆ ನೋಡಿ. ಸುಮ್ನೆ ನಿಂತಿದೆ, ಅಷ್ಟೇ."

ಮೊದಲು ಸ್ವಿಚ್ಚಿನ ತಂತಿಗೆ ಕರೆಂಟು ತಪ್ಪಿಸಿದ. ಬಾಗಿಲ ಚೌಕಟ್ಟನ್ನು ಬಿಡಿಸಿದ. ಆ ಬಳಿಕ ಮೇಲಿನ ಸಾಲಿನಿಂದ ಒಂದೊಂದೇ ಇಟ್ಟಿಗೆಯನ್ನು ಉಳಿಯಿಂದ ಸಡಿಲಿಸಿ, ಕೈಯಲ್ಲಿ ಹಿಡಿದು, ಸಿಮೆಂಟಿನ ಖಾಲಿ ಚೀಲಕ್ಕೆ ಇಳಿಸತೊಡಗಿದ. ಕೆಳಗಿನಿಂದ ಹೊಡೆದರೆ ಬೇಗ ಮುಗಿಯುವುದಿಲ್ಲವೇ ಎಂದು ಓಸ್ವಾಲ್ಡ್ ಕೇಳಿದ್ದಕ್ಕೆ, ಬೇಗ ಮುಗಿಯುತ್ತದೆ, ಜೊತೆಗೆ ನಾನೂ ಮುಗಿಯುತ್ತೇನೆ ಎಂದ. ಎರಡು ದಿನ ಮನೆಯಲ್ಲೆಲ್ಲ ಕೆಂಧೂಳಿ. ಅನ್ನದಲ್ಲಿ, ದೇವರ ಪೀಠದ ಮೇಲೆ, ಜಪಸರದ ಮಣಿಗಳ ಸಂದಿನಲ್ಲಿ ಧೂಳು. ಡೊರೊಥಿ ಮೂರು ಬಾರಿ ನೆಲ ಒರೆಸಿದಳು. ಇದು ಕಡೆಯ ದಣಿವು, ಇದೊಂದು ತೀರಿದರೆ ಬಿಡುಗಡೆ ಎಂದುಕೊಳ್ಳುತ್ತ ಒರೆಸಿದಳು.

ಆ ಶನಿವಾರ ನಿಲಾಯ್‌ನ ಕಾಲೇಜಿನಿಂದ ಸ್ಟೆಫನಿ ಬಂದಳು. ಮಗಳಿಗೆ ಹತ್ತೊಂಬತ್ತು. ತನ್ನ ಬಾಲ್ಯವನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಓದಿ ಕಳೆದವಳು. ಕೋಣೆ ಎಂದೂ ಅವಳದಾಗಿರಲಿಲ್ಲ. ಗೋಡೆಯಿದ್ದ ಜಾಗದಲ್ಲಿ ನೆಲದ ಮೇಲೆ ಅಡ್ಡಗೆರೆಯಂತೆ ಉಳಿದಿದ್ದ ಗಾರೆಯನ್ನು ಕಾಲಬೆರಳಿನಿಂದ ಕೆರೆದು ನೋಡಿ, ತಾಯಿಯ ಮುಖವನ್ನೂ ನೋಡಿದಳು.

"ನಾಟ್ ಫಾರ್ ಬ್ರೀಝ್, ರೈಟ್ ಮಮ್ಮಿ?"

ಡೊರೊಥಿ ಒರೆಸುತ್ತಲೇ ಇದ್ದಳು.

"ಜಸ್ಟ್ ಟೆಲ್ ದೆಮ್ ನೋ, ಲಾ. ವೈ ಬ್ರೇಕ್ ದ ವಾಲ್?"

"ನಂಗೆ ಹಾಗೆ ಹೇಳೋಕೆ ಯಾರೂ ಕಲಿಸಿಲ್ಲ ಮಗಳೇ. ಇಂಗ್ಲಿಷಲ್ಲಿ ಅದು ಎರಡಕ್ಷರ. ನಮ್ಮ ಕಡೆ ಅದಕ್ಕೆ ಒಂದು ಜನ್ಮ ಬೇಕು."

ಅಪ್ಪನಿಗೆ ಹೇಳಬೇಡವೆಂದೂ ಕೇಳಿಕೊಂಡಳು. ಸ್ಟೆಫನಿ ತಾಯಿಯ ಕೈಯಿಂದ ಒರೆಸುವ ಬಟ್ಟೆಯನ್ನು ಕಸಿದು, ಉಳಿದ ನೆಲವನ್ನು ತಾನೇ ಒರೆಸಿ, ಭಾನುವಾರ ಸಂಜೆ ಹಿಂತಿರುಗಿದಳು.

ಪರೀಕ್ಷೆಗಳೆಂದು ಮಗಳು ನವೆಂಬರಿನ ತನಕ ಮತ್ತೆ ಬರಲಿಲ್ಲ. ಹನ್ನೆರಡು ದಿನ ಮನೆಯಲ್ಲಿ ಎರಡೇ ತಟ್ಟೆ. ಡೊರೊಥಿ ನಾಲ್ಕೂವರೆಯ ಬದಲು ಐದೂವರೆಗೆ ಎದ್ದಳು. ಒಂದು ಸಂಜೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಓಸ್ವಾಲ್ಡ್ ರೊಟ್ಟಿಯನ್ನು ತಪಾವು, ಎಂದರೆ ಪೊಟ್ಟಣ ಕಟ್ಟಿಸಿ, ತಂದ. ಇಬ್ಬರೂ ಕಿಟಕಿಯ ಗಾಳಿಗೆ ಕುಳಿತು ತಿಂದರು. ಸುಳ್ಳಿಗೆಂದು ಕರೆದಿದ್ದ ಗಾಳಿ ನಿಜವಾಗಿಯೇ ಬಂದಿತ್ತು. ದೇವರು ತನ್ನನ್ನು ಕ್ಷಮಿಸಿರಬಹುದೆಂದು ಆಕೆಗೆ ಅನ್ನಿಸಿತು.

ಆದರೆ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಓಸ್ವಾಲ್ಡ್ ಸುಮ್ಮನಿರಲಾರದೆ ಹೋದ. ನಮ್ಮ ಡೊರಾ ಗೋಡೆ ಒಡೆಸಿ ಹಾಲನ್ನು ಎಷ್ಟು ವಿಶಾಲ ಮಾಡಿದ್ದಾಳೆ ಬಂದು ನೋಡಿ ಎಂದು ಸಿಕ್ಕವರಿಗೆಲ್ಲ ಹೇಳಿದ. ಗಾಳಿಯ ನೆಪ ಹೇಳಿ ಹೆಂಡತಿ ಇನ್ನಷ್ಟು ಮಂದಿಗೆ ಜಾಗ ಮಾಡುವ ದೊಡ್ಡ ದಾನದ ಆಲೋಚನೆ ಮಾಡಿದ್ದಾಳೆಂದೇ ಅವನು ಬಗೆದಿದ್ದ. ಅದನ್ನು ಕೇಳಿಸಿಕೊಂಡವನು ಕ್ರಿಸ್ಟೋಫರ್. ಊರಿನ ಇಗರ್ಜಿಗಳಲ್ಲಿ ವಾರ್ಡಿನ ಹಿರಿಯನನ್ನು ಗುರ್ಕಾರನೆನ್ನುತ್ತಾರೆ. ಕೌಲಾಲಂಪುರದಲ್ಲಿಯೂ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಅಕ್ಟೋಬರ್ ಜಪಸರದ ತಿಂಗಳು. ದಿನಕ್ಕೊಂದು ಮನೆಯಂತೆ ನಮ್ಮವರೆಲ್ಲ ಕೂಡಿ ಜಪಿಸುತ್ತ ಬಂದು, ಕಡೆಯ ದಿನ ಎಲ್ಲರೂ ಒಂದೆಡೆ ಸೇರುವುದು ವಾಡಿಕೆ. ಆ ವರ್ಷ ಅಷ್ಟು ಜನ ಹಿಡಿಸುವ ಮನೆ ಸಿಗದೆ ಕ್ರಿಸ್ಟೋಫರ್ ತಲೆಕೆಡಿಸಿಕೊಂಡಿದ್ದ. ದೇವಮಾತೆಯೇ ಜಾಗ ಮಾಡಿಕೊಟ್ಟಳೆಂದು ಅವನು ಕೈಮುಗಿದ. ಓಸ್ವಾಲ್ಡ್ ಒಪ್ಪಿಬಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಆತನ ಮುಖ ಹಬ್ಬದ ದಿನದ ಮುಖದಂತಿತ್ತು.

ಪ್ರಾರ್ಥನೆಗೆ ಬೇಡವೆನ್ನುವುದು ಹೇಗೆ? ಒಂದು ಸಂಜೆ ತಾನೇ ಎಂದು ಡೊರೊಥಿ ಕಡಲೆ ನೆನೆಹಾಕಿದಳು.

ಅಕ್ಟೋಬರ್ ಮೂವತ್ತೊಂದು, ಶನಿವಾರ. ಆರು ಗಂಟೆಗೆ ನಲವತ್ತು ಮಂದಿ ಸೇರಿದರು. ನಿಂತವರಾರೂ ಇಲ್ಲ, ಎಲ್ಲರಿಗೂ ಕೂರಲು ಜಾಗವಾಯಿತು. ಅವರಲ್ಲಿ ಹನ್ನೊಂದು ಮಂದಿ ಒಂದಲ್ಲ ಒಂದು ಕಾಲದಲ್ಲಿ ಆ ಕೋಣೆಯಲ್ಲಿ ಮಲಗಿದ್ದವರೆಂದು ಡೊರೊಥಿ ಬಾಗಿಲಲ್ಲಿ ನಿಂತು ಎಣಿಸಿದಳು. ಕರ್ತನ ಬಾಳಿನ ಐದು ಘಟನೆಗಳನ್ನು ನೆನೆಯುವ ಐದು ರಹಸ್ಯಗಳ ಜಪ ನಡೆಯಿತು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಕೊಂಕಣಿಯಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ. ಮಾತೆಯ ಸ್ತುತಿಮಾಲೆಗೆ ನಲವತ್ತು ಕಂಠಗಳು ಒಟ್ಟಿಗೆ ಓಗೊಟ್ಟಾಗ ಡೊರೊಥಿಯ ದಣಿದ ಕಣ್ಣುಗಳೂ ತುಂಬಿಬಂದವು. ಭಕ್ತಿ ಆಕೆಯಲ್ಲಿ ಕುಂದಿರಲಿಲ್ಲ. ಕುಂದಿದ್ದು ಬಲ ಮಾತ್ರ. ಇವೆರಡನ್ನೂ ಒಂದೆಂದು ತಿಳಿಯುವುದು ನಮ್ಮ ಜನರ ಹಳೆಯ ತಪ್ಪು. ಲೋಕರಕ್ಷಕನು ಕೂಡ ಜನಜಂಗುಳಿಯನ್ನು ಬಿಟ್ಟು ಬೆಟ್ಟದ ಏಕಾಂತಕ್ಕೆ ಹೋಗುತ್ತಿದ್ದನೆಂಬುದನ್ನು ನಾವು ವರ್ಷಕ್ಕೊಮ್ಮೆ ಕೇಳುತ್ತೇವೆ, ಕೇಳಿ ಮನೆಗೆ ಹೋಗಿ ಹೆಂಡತಿಯನ್ನು ಇನ್ನೊಂದು ಲೋಟ ಚಹಾ ಕೇಳುತ್ತೇವೆ.

ಜಪ ಮುಗಿದು, ಕಡಲೆಯ ಬಟ್ಟಲುಗಳು ಹಂಚಿಕೆಯಾಗಿ, ಡೊರೊಥಿ ಎರಡನೆಯ ತಟ್ಟೆಯ ತುಂಬ ಚಹಾದ ಲೋಟ ಹೊತ್ತು ಬಂದಾಗ ಕ್ರಿಸ್ಟೋಫರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಬಜ್ಪೆಯ ಕಡೆಯ ಇಬ್ಬರು ತಂತ್ರಜ್ಞರ ಕಥೆ ಹೇಳಿದ. ಅವರ ಕಂಪನಿ ಮುಚ್ಚಿದೆ, ಕಂಪನಿ ಕೊಟ್ಟ ಮನೆಯನ್ನು ಸೋಮವಾರ ಬಿಡಬೇಕು, ಊರಿಗೆ ಮರಳಲು ಕಾಗದಪತ್ರ ಸರಿಯಾಗುವವರೆಗೆ ತಲೆಯ ಮೇಲೊಂದು ಮಾಡು ಬೇಕು. ಆ ಇಬ್ಬರೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

"ಡೊರೊಥಿ ಬಾಯಿ, ದೇವರು ನಿಮ್ಮ ಮನೆ ದೊಡ್ಡದು ಮಾಡಿದ್ದಾನೆ. ಒಂದು ಚಾಪೆ ಅಂದ್ರೆ ಎರಡಡಿ ಅಗಲ. ಎರಡು ಚಾಪೆ, ಕ್ರಿಸ್ಮಸ್‌ವರೆಗೆ, ಅಷ್ಟೇ."

"ಅದಕ್ಕೆ ಕೇಳೋದೇನು ಗುರ್ಕಾರ್ರೇ?" ಓಸ್ವಾಲ್ಡ್ ನಕ್ಕ. "ಮುಂಚೆ ಒಬ್ಬರಿಗೆ ಜಾಗ ಇತ್ತು, ಈಗ ನಾಲ್ವರಿಗಿದೆ. ಅಲ್ವಾ ಡೊರಾ?"

ಡೊರೊಥಿಗೆ ಆಗ ತಾನು ಮಾಡಿದ್ದೇನೆಂದು ತಿಳಿಯಿತು. ಕೋಣೆಯಿದ್ದಾಗ ಅದಕ್ಕೊಂದು ಬಾಗಿಲಿತ್ತು, ಒಂದು ಮಂಚವಿತ್ತು. ಮಂಚ ತುಂಬಿದರೆ ತುಂಬಿದೆಯೆಂದು ಹೇಳಬಹುದಿತ್ತು. ಈಗ ಹಾಲು ಬಯಲಾಗಿತ್ತು. ಬಯಲು ತುಂಬಿದೆಯೆಂದು ಯಾರು ನಂಬುತ್ತಾರೆ? ಅತಿಥಿಗಳನ್ನು ತಡೆಯಲು ಗೋಡೆ ತೆಗೆಸಿದ ಹೆಂಗಸು ತಾನು. ಆಕೆಗೆ ನಗುವೂ ಬರಲಿಲ್ಲ. ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು.

"ಜಾಗ ಇದೆ ರೀ. ನನ್ನ ಕೈಲಿ ಆಗಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಬೆಳಗಿನಿಂದ ಕಡಲೆ ಬೇಯಿಸಿ ಇವತ್ತು ಸುಸ್ತಾಗಿದ್ದಾಳೆ ಎಂದು ಓಸ್ವಾಲ್ಡ್ ಎಲ್ಲರ ಕಡೆ ತಿರುಗಿ ಸಮಾಧಾನ ಹೇಳಿದ.

"ಇವತ್ತಿನ ಸುಸ್ತಲ್ಲ." ಆಕೆಯ ದನಿ ಏರಲಿಲ್ಲ, ಕ್ಲಿನಿಕ್ಕಿನಲ್ಲಿ ರೋಗಿಯ ಹೆಸರು ಕೂಗುವ ದನಿಗಿಂತಲೂ ಮೆಲ್ಲಗಿತ್ತು. "ಗಾಳಿಗೆ ಅಂತ ನಿಮಗೆ ಸುಳ್ಳು ಹೇಳಿದೆ. ಕೋಣೆ ಇಲ್ಲದಿದ್ರೆ ಯಾರೂ ಕೇಳಲ್ಲ ಅಂದ್ಕೊಂಡು ಗೋಡೆ ತೆಗೆಸಿದೆ. ದೇವರ ಪೀಠದ ಮುಂದೆ ನಿಂತು ಹೇಳ್ತಿದೀನಿ. ಇವರಿಬ್ಬರ ಮೇಲೆ ನಂಗೇನೂ ಇಲ್ಲ. ಇನ್ನೊಬ್ಬರಿಗೆ ಬೇಯಿಸಿ ಹಾಕೋ ಶಕ್ತಿ ನನ್ನಲ್ಲಿ ಇಲ್ಲ. ಒಂದು ವರ್ಷ ನನ್ನನ್ನ ಬಿಟ್ಟುಬಿಡಿ."

ಮೇಣದ ಬತ್ತಿಯ ಉರಿ ಕಿಟಕಿಯ ಗಾಳಿಗೆ ಬಾಗಿ ನೆಟ್ಟಗಾಯಿತು. ಆ ಹನ್ನೊಂದು ಮಂದಿ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಅವರಲ್ಲಿ ಜೋಸ್ಲಿನ್ ಒಬ್ಬಳು. ಏಳು ವರ್ಷದ ಹಿಂದೆ ನರ್ಸಿನ ಕೆಲಸಕ್ಕೆಂದು ಬಂದು ಆ ಕೋಣೆಯಲ್ಲಿ ಒಂಬತ್ತು ತಿಂಗಳಿದ್ದವಳು, ಈಗ ಗಂಡನೊಡನೆ ಎರಡು ಬೀದಿಯಾಚೆಯ ಫ್ಲ್ಯಾಟಿನಲ್ಲಿರುವವಳು. ಆಕೆ ಎದ್ದು ಬಂದು ಡೊರೊಥಿಯ ಮುಂದಿನ ಚಹಾದ ತಟ್ಟೆಯನ್ನು ತಾನು ಎತ್ತಿಕೊಂಡಳು.

"ಒಂಬತ್ತು ತಿಂಗಳಲ್ಲಿ ನಾನು ಈ ಮನೇಲಿ ಒಂದು ಲೋಟ ತೊಳೆದ ನೆನಪಿಲ್ಲ ಆಂಟಿ. ನೀವೂ ಹೇಳಲಿಲ್ಲ, ನಂಗೂ ತೋಚಲಿಲ್ಲ." ಹಿಂದಿನ ಸಾಲಿನ ಕಡೆ ತಿರುಗಿದಳು. "ನಿಮ್ಮಲ್ಲೊಬ್ಬರು ನಮ್ಮನೆಗೆ ಬನ್ನಿ. ಬೆಳಗಿನ ಪಾತ್ರೆ ನಿಮ್ಮದು. ಮೊದಲೇ ಹೇಳಿಬಿಡ್ತೀನಿ."

ಇನ್ನೊಬ್ಬ ಉಳಿದ. ಎಲ್ಲರೂ ಗುರ್ಕಾರನತ್ತ ನೋಡಿದರು. ಇಪ್ಪತ್ತು ವರ್ಷಗಳಿಂದ ಊರವರಿಗೆಲ್ಲ ಮನೆ ಹುಡುಕಿಕೊಟ್ಟ ಕ್ರಿಸ್ಟೋಫರ್ ತನ್ನ ಮನೆಯಲ್ಲಿ ಎಂದೂ ಯಾರನ್ನೂ ಇರಿಸಿಕೊಂಡವನಲ್ಲ. ನಮ್ಮ ಹಾಲು ತೀರಾ ಚಿಕ್ಕದಲ್ಲವೇ ಎಂದು ಅವನು ಆರಂಭಿಸುತ್ತಿದ್ದಂತೆ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು.

"ಚಾಪೆ ಎರಡಡಿ ಅಗಲ ಅಂತ ಈಗಷ್ಟೇ ನೀವೇ ಹೇಳಿದ್ರಿ. ಅಡುಗೆ ನೀವು ಮಾಡೋದಾದ್ರೆ ನಂದೇನೂ ಅಡ್ಡಿಯಿಲ್ಲ."

ಒಬ್ಬಿಬ್ಬರು ನಕ್ಕರು. ಕ್ರಿಸ್ಟೋಫರ್ ನಗಲಿಲ್ಲ, ಆದರೆ ಹೊರಡುವಾಗ ಆ ಮನುಷ್ಯನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ. ಉಳಿದವರೂ ಬೇಗ ಬೇಗ ಎದ್ದರು. ಹಲವರು ಡೊರೊಥಿಯ ಕೈಯನ್ನು ಒಮ್ಮೆ ಹಿಡಿದು ಹೋದರು. ಹಿರಿಯ ಹೆಂಗಸೊಬ್ಬಳು ಮಾತ್ರ, ದೇವರ ಪೀಠದ ಮುಂದೆ ಇಂಥ ಮಾತು ಆಡಬಾರದಿತ್ತೆಂದು ಬಾಗಿಲಾಚೆ ಕೇಳಿಸುವಂತೆಯೇ ಅಂದು ಹೋದಳು. ಆಡಬಾರದಿತ್ತೆಂದು ಡೊರೊಥಿಗೂ ಅರ್ಧ ಅನ್ನಿಸಿತು. ಇನ್ನರ್ಧಕ್ಕೆ ಏನೂ ಅನ್ನಿಸದಷ್ಟು ಆಯಾಸವಾಗಿತ್ತು.

ಓಸ್ವಾಲ್ಡ್ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದ. ಮೇಲಿನಂಗಿಯ ಗುಂಡಿಯನ್ನು ಹಾಕುತ್ತಲೂ ಬಿಚ್ಚುತ್ತಲೂ ಇದ್ದ.

"ಅಷ್ಟು ಜನರ ಮುಂದೆ ಹೇಳಬೇಕಿತ್ತಾ ಡೊರಾ? ನಾವಿಬ್ಬರೇ ಇರೋವಾಗ ಹೇಳಬಹುದಿತ್ತಲ್ಲ."

ಆಕೆ ಚೆಲ್ಲಿದ ಕಡಲೆಯನ್ನು ಆರಿಸಲೆಂದು ಬಾಗಿದವಳು, ಬಾಗಿದಲ್ಲಿಂದಲೇ ತಲೆಯೆತ್ತಿದಳು. ಸಿಟ್ಟಿರಲಿಲ್ಲ. ನಿಜಕ್ಕೂ ನೆನಪು ಮಾಡಿಕೊಳ್ಳುವವಳಂತೆ ಕೇಳಿದಳು.

"ಈ ಮನೇಲಿ ನಾವಿಬ್ಬರೇ ಯಾವತ್ತು ಇದ್ವಿ ರೀ?"

ವರ್ಷಗಳನ್ನು ಹಿಂದಕ್ಕೆ ಎಣಿಸುತ್ತಿರುವಂತೆ ಓಸ್ವಾಲ್ಡನ ತುಟಿ ಆಡಿತು. ಹನ್ನೆರಡು ದಿನ, ಒಂದು ಸಂಜೆ ತಪಾವು ತಂದ ರೊಟ್ಟಿ. ಅದಕ್ಕೂ ಹಿಂದೆ ಅವನಿಗೆ ಏನೂ ಸಿಕ್ಕಿರಲಾರದು. ದೇವರ ದಯೆಯು ಕೆಲವೊಮ್ಮೆ ಉತ್ತರವಾಗಿ ಬರುವುದಿಲ್ಲ, ಉತ್ತರ ಸಿಗದ ನಾಚಿಕೆಯಾಗಿ ಬರುತ್ತದೆ. ಆತ ಎದ್ದು, ಹೆಂಡತಿಯ ಕೈಯಲ್ಲಿದ್ದ ಕಡಲೆಕಾಳುಗಳನ್ನು ತನ್ನ ಅಂಗೈಗೆ ಹಾಕಿಸಿಕೊಂಡು, ನೀನು ಹೋಗಿ ಮಲಗು ಎಂದ.

ಎಂಟೂವರೆ ಆಗಿತ್ತು. ಬೀದಿಯಲ್ಲಿ ಇನ್ನೂ ಹೂವಿನಂಗಡಿಗಳು ತೆರೆದಿದ್ದವು. ಅಷ್ಟು ಪಾತ್ರೆಗಳನ್ನು ಹಾಗೇ ಬಿಟ್ಟು ಡೊರೊಥಿ ಎಂದೂ ಮಲಗಿದವಳಲ್ಲ. ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ಓಸ್ವಾಲ್ಡ್ ಅಂಗಿಯ ತೋಳು ಮಡಚಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಹಾಗೆ ಸೇರಿಸಿದರೆ ಸಿಕ್ಕಿಹಾಕಿಕೊಳ್ಳುತ್ತವೆ ಎಂದು ಹೇಳಬೇಕೆನಿಸಿತು. ಆದರೂ ಒಳಗೆ ಹೋಗಿ, ಮಂಡಿಯೂರಲು ಮೊಣಕಾಲು ಒಪ್ಪದ್ದರಿಂದ ಮಲಗಿಕೊಂಡೇ ಶಿಲುಬೆಯ ಗುರುತು ಹಾಕಿಕೊಂಡಳು. ಪ್ರಾರ್ಥನೆಯ ಮೊದಲ ಸಾಲನ್ನು ಹೇಳಿದ್ದು ನೆನಪಿತ್ತು. ಎರಡನೆಯದು ಬಂತೋ ಇಲ್ಲವೋ ತಿಳಿಯದು.

ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿತು. ನಲ್ಲಿ ಬಹಳ ಹೊತ್ತು ಹರಿಯಿತು. ಆ ಬಳಿಕ ಓಸ್ವಾಲ್ಡ್, ಕೈಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ, ಸೋಪಿನ ಪುಡಿ ಎಲ್ಲಿಡುತ್ತೀ ಎಂದು ಕೇಳುತ್ತ ಮಲಗುವ ಕೋಣೆಯ ಬಾಗಿಲಿಗೆ ಬಂದ. ಇನ್ನೊಮ್ಮೆ ಕೇಳಲು ಬಾಯಿ ತೆರೆದವನು, ಹೆಂಡತಿಯ ಉಸಿರಾಟವನ್ನು ಕೇಳಿ ಸುಮ್ಮನಾದ. ದೀಪ ಆರಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ತಾನೇ ಹುಡುಕಲು ಹೋದ.